ಕಟ್ಟಬಾರದ ಎಲುಬು

ಹೊಳೆ ದಂಡೆಯ ಮಠದಲ್ಲಿ ಹಾಲವ್ವ ಅಂತ ಒಬ್ಬ ಗುರು ಇದ್ದಳು. ಕುದುರೆಗಳ ರೋಗ ನೋಡುವುದರಲ್ಲಿ ಸುತ್ತ ಏಳು ಹಳ್ಳಿಗೆ ಅವಳೇ ಕೊನೆಯ ಮಾತು.

ಅವಳು ಆ ಮಠಕ್ಕೆ ಹೇಗೆ ಬಂದಳು ಅನ್ನುವುದು ಬೇರೆಯೇ ಕಥೆ. ಮದುವೆಯ ಅರಿಸಿನ ಮೈಮೇಲೆ ಆರುವ ಮೊದಲೇ ಗಂಡನ ಕುದುರೆ ಹತ್ತಿ ಓಡಿಬಂದವಳು ಅವಳು. ಗಂಡ ಬೆನ್ನಟ್ಟಿ ಬಂದ. ಕುದುರೆ ಹೊಡೆದುಕೊಂಡು ಹೋದ. ಹೆಂಡತಿ ಎಲ್ಲಿ ಅಂತ ಕೇಳಲೂ ಇಲ್ಲ.

ಮಠಕ್ಕೆ ಹೋದವರೆಲ್ಲ ಇದನ್ನು ಒಬ್ಬರ ಕಿವಿಯಲ್ಲಿ ಒಬ್ಬರು ಹೇಳುವವರೇ. ಹಾಲವ್ವನ ಮುಂದೆ ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಅವಳಿಗೆ ಒಬ್ಬನೇ ಶಿಷ್ಯ, ಈರಬಸ. ಮೂವತ್ತರ ಗಂಡಸು. ಎಲುಬು ಕೂಡಿಸುವವರ ಮನೆತನ. ಕಾಲು ಮುರಿಯಲಿ, ಕೈ ಮುರಿಯಲಿ, ಬಿದಿರಿನ ದಬ್ಬೆ ಇಟ್ಟು ಬಟ್ಟೆ ಬಿಗಿದನೆಂದರೆ ನಲವತ್ತು ದಿನಕ್ಕೆ ಗಟ್ಟಿ. ಅವನಂತೆ ಬಿಗಿಯುವವರು ಸೀಮೆಯಲ್ಲಿ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು.

"ತಾಯೀ, ಎಲುಬಿನ ವಿದ್ಯಾ ನನಗ ಪೂರ್ತಿ ಬಂತಲ್ಲ?" ಅಂತ ವಾರಕ್ಕೊಮ್ಮೆ ಕೇಳುವನು.

"ಕಟ್ಟೋದು ಬಂದೈತಿ" ಅನ್ನುವಳು ಹಾಲವ್ವ.

ಅಷ್ಟೇ. ಮುಂದಿನ ಮಾತು ನುಂಗಿ ರೊಟ್ಟಿ ಬಡಿಯುವಳು.

ಆ ಊರಿನ ದೇಸಾಯಿಯ ಲಾಯದಲ್ಲಿ ಚಂದ್ರಿ ಅಂತ ಒಂದು ಹೆಣ್ಣುಕುದುರೆ ಇತ್ತು. ಗಿಡ್ಡ ತಳಿ, ಗಟ್ಟಿ ಕಾಲು, ಬಂಗಾರದಂಥ ಸ್ವಭಾವ. ಆ ಬಡಪಾಯಿಗೆ ದೇಸಾಯಿ ಎಲ್ಲಿಂದಲೋ ಆನೆಯಂಥ ಗಂಡುಕುದುರೆ ತರಿಸಿ ಕೂಡಿಸಿದ. ಯಾಕೆ? ಬೀಗರ ಲಾಯದಲ್ಲಿ ಎತ್ತರದ ಕುದುರೆ ಇದೆ, ತನ್ನಲ್ಲಿ ಇಲ್ಲ. ಇಷ್ಟೇ ಹೊಟ್ಟೆಕಿಚ್ಚು. ದೇಸಾಯಿ ಇದನ್ನು ಗುಟ್ಟು ಅಂದುಕೊಂಡಿದ್ದ. ಊರಿನ ನಾಯಿಗೂ ಗೊತ್ತಿತ್ತು.

ಚೊಚ್ಚಲ ಬಸಿರು. ಚಂದ್ರಿಯ ಹೊಟ್ಟೆ ನೆಲಕ್ಕೆ ತಾಗುವಂತಾಯಿತು.

"ಗುಬ್ಬಿ ಹೊಟ್ಟ್ಯಾಗ ಗಿಡಗನ ಮರಿ ಇಟ್ಟಾನ" ಅಂದಳು ಹಾಲವ್ವ.

ಆ ಮಾತು ಹೊಳೆ ದಂಡೆಯಿಂದ ದೇಸಾಯಿಯ ಕಿವಿಗೆ ಮುಟ್ಟಲು ಒಂದು ಹೊತ್ತೂ ಹಿಡಿಯಲಿಲ್ಲ. ಹೆರಿಗೆಯ ದಿನ ಅವನು ಹೇಳಿ ಕಳಿಸಿದ: ಮುದುಕಿ ಬೇಡ, ಶಿಷ್ಯ ಒಬ್ಬನೇ ಬರಲಿ.

ಈರಬಸ ನೆಲಕ್ಕೆ ಕಾಲು ತಾಗದ ಹಾಗೆ ಓಡಿದ.

ಬೆಳಗಿನಿಂದ ಮಧ್ಯಾಹ್ನದವರೆಗೆ ಚಂದ್ರಿ ಒದ್ದಾಡಿತು. ಮರಿಯ ಮುಂಗಾಲು ಬಂತು, ಮೂತಿ ಬಂತು, ಎದೆ ಸಿಕ್ಕಿಕೊಂಡಿತು. ಚಂದ್ರಿ ತಿಣುಕಿದಾಗಲೆಲ್ಲ ಈರಬಸ ಎಳೆದ. ಕುದುರೆ ಕಾಯುವ ಇಮಾಮಣ್ಣ ಚಂದ್ರಿಯ ತಲೆ ತೊಡೆಯ ಮೇಲಿಟ್ಟುಕೊಂಡು, "ಇನ್ನೊಂದೇ ಸಲ, ನನ್ನವ್ವಾ, ಇನ್ನೊಂದೇ ಸಲ" ಅಂತ ಇಪ್ಪತ್ತು ಸಲ ಹೇಳಿದ.

ಮರಿ ಬಂತು. ದೊಡ್ಡ ಗಂಡುಮರಿ. ಉಸಿರೂ ಆಡಿತು.

ದೇಸಾಯಿಯ ಮನೆಯಲ್ಲಿ ಒಂದು ಪದ್ಧತಿ. ಹುಟ್ಟಿದ ಕುದುರೆಮರಿ ತಾನಾಗಿ ಎದ್ದು ನಿಲ್ಲುವ ಮೊದಲು, ಹೆರಿಗೆ ಮಾಡಿಸಿದವನು ಅದನ್ನು ಎದೆ ಬಳಸಿ ಎತ್ತಿ, ಲಾಯದ ಹೊಸ್ತಿಲು ದಾಟಿಸಿ, ಮೂರು ಸಲ ಮೇಲೆತ್ತಿ ಯಜಮಾನನಿಗೆ ತೋರಿಸಬೇಕು. ಮರಿ ತಾನೇ ಎದ್ದುಬಿಟ್ಟರೆ ಮುಂದೆ ಯಜಮಾನನಿಗೆ ಬಗ್ಗುವುದಿಲ್ಲವಂತೆ. ಎತ್ತಿದವನಿಗೆ ಜರಿ ರುಮಾಲಿನ ಮರ್ಯಾದೆ.

ಈರಬಸ ಎತ್ತಿದ. ಹಲಗೆ ವಾದ್ಯ ಮೊಳಗಿತು. ಒಂದು. ಎರಡು. ಮೂರನೆಯ ಸಲ ಎತ್ತಿದಾಗ ಅವನ ಅಂಗೈ ಕೆಳಗೆ ಏನೋ 'ಕಟ್' ಅಂದಿತು. ಒಣ ತೊಗರಿಕಟ್ಟಿಗೆ ಮುರಿದ ಹಾಗೆ.

ಮರಿ ನರಳಿತು.

ಹಲಗೆಯ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಕೇಳಿದ್ದು ಇಬ್ಬರಿಗೆ.

"ಮರಿ ನರಳಿತಲ್ಲೋ ತಮ್ಮಾ?" ಅಂದ ಇಮಾಮಣ್ಣ.

"ಹುಟ್ಟಿದ ಕೂಡ್ಲೆ ಹಾಡ್ತಾವೇನು?" ಅಂದ ಈರಬಸ.

ಅಷ್ಟರಲ್ಲಿ ದೇಸಾಯಿ ಅವನ ತಲೆಗೆ ಜರಿ ರುಮಾಲು ಸುತ್ತಿದ್ದ. ರುಮಾಲು ಬಿದ್ದ ತಲೆಗೆ ಕಿವಿ ಕೇಳಿಸುವುದು ಕಡಿಮೆ.

ಮಠಕ್ಕೆ ಬಂದಾಗ ಹಾಲವ್ವ ಮೇಲಿಂದ ಕೆಳಗೆ ನೋಡಿದಳು.

"ರುಮಾಲು ಚಂದ ಐತಿ. ಮರಿ ಹೆಂಗೈತಿ?"

"ಹುಲಿ ಐತ್ರೀ ತಾಯಿ."

"ಉಸಿರು?"

"ಆಡಾಕತ್ತೈತ್ರಿ."

"ಎರಡೂ ಪಕ್ಕ ಸಮ ಏಳ್ತಾವೋ, ಒಂದು ಕುಸದೈತೋ?"

ಈರಬಸ ರುಮಾಲಿನ ಅಂಚು ಸರಿಮಾಡಿಕೊಂಡ.

"ನೋಡಲಿಲ್ಲ?"

"ಹಲಗಿ ಬಡಿಯಾಕತ್ತಿದ್ರು ತಾಯಿ."

"ಕಣ್ಣಿಗೂ ಬಡಿದ್ರೇನು?"

ಅಷ್ಟರಲ್ಲಿ ಅಗಸರ ಯಲ್ಲವ್ವ ಬಟ್ಟೆಯ ಗಂಟು ಹೊತ್ತು ಹೊಳೆಗೆ ಬಂದಳು. ಗಂಟು ಇಳಿಸುವ ಮೊದಲೇ ಬಾಯಿ ಬಿಚ್ಚಿದಳು.

"ಕೇಳಿದ್ರೇನವ್ವಾ? ದೇಸಾಯರ ಮರಿ ಏಳವಲ್ಲದಂತ! ಮಲಗಿದಲ್ಲೇ ನರಳಾಕತ್ತೈತಂತ! ಇಮಾಮಣ್ಣ ಒದ್ದಾನಂತ. ಅಲ್ಲ, ಚಂದ್ರಿನೇ ತುಳೀತಂತ, ತುಳಿಯೋ ಹೊತ್ತಿಗೆ ಇಂವ ಹಿತ್ತಲದಾಗ ಬೀಡಿ ಸೇದಾಕತ್ತಿದ್ನಂತ. ಬೀಡಿಗೆ ಬೆಂಕಿ ಕೊಟ್ಟಾಕಿ ಯಾರು ಅಂತ ಮಾತ್ರ ನನ್ನ ಕೇಳಬ್ಯಾಡ್ರಿ..."

"ಕೇಳಂಗಿಲ್ಲ" ಅಂದಳು ಹಾಲವ್ವ.

ಯಲ್ಲವ್ವನ ಮುಖ ಬಾಡಿತು. "ದೇಸಾಯಿ ಬಾರಕೋಲು ತರಿಸ್ಯಾನ. ಇಮಾಮಣ್ಣನ ಅಂಗಿ ಬಿಚ್ಚಿಸಿ ಕಂಬಕ್ಕ ಕಟ್ಟ್ಯಾರ" ಅಂತ ಅಷ್ಟು ಮಾತ್ರ ಹೇಳಿದಳು.

ಈರಬಸ ದಡಬಡಿಸಿ ಎದ್ದ. "ತಾಯಿ, ನಾ ಓಡಿ ಹೋಗಿ ಕಟ್ಟಿ ಬರ್ತೀನಿ."

"ಏನನ್ನ?"

"ಎಲುಬು."

"ಎಲುಬು ಮುರದೈತಿ ಅಂತ ಯಲ್ಲವ್ವ ಹೇಳಲೇ ಇಲ್ಲಲ್ಲೋ."

ಹಾಲವ್ವ ಕೋಲು ತೆಗೆದುಕೊಂಡು ಹೊರಟಳು. ಈರಬಸ ಅವಳ ಹಿಂದೆ ನಡೆದ.

ಲಾಯದ ಮುಂದೆ ಜಾತ್ರೆಯಷ್ಟು ಜನ. ಒಬ್ಬನ ಬೆನ್ನಿಗೆ ಏಟು ಬೀಳುತ್ತದೆ ಅಂದರೆ ಕೂಳು ಬಿಟ್ಟು ಬರುವವರು ಎಲ್ಲ ಊರಲ್ಲೂ ಇರುತ್ತಾರೆ.

ಹಾಲವ್ವ ದೇಸಾಯಿಯನ್ನು ನೋಡಲಿಲ್ಲ, ಬಾರಕೋಲು ನೋಡಲಿಲ್ಲ. ನೇರ ಮರಿಯ ಹತ್ತಿರ ಹೋಗಿ ಕೂತಳು. ಮರಿಯ ಮೂಗಿನ ಹೊಳ್ಳೆ ಅಗಲವಾಗಿದ್ದವು. ಎಡ ಪಕ್ಕ ಚಪ್ಪಟೆ ಬಿದ್ದಿತ್ತು. ಉಸಿರೆಳೆದಾಗೊಮ್ಮೆ ನರಳುತ್ತಿತ್ತು.

"ಕೈ ಇಡು" ಅಂದಳು.

ಈರಬಸ ಮರಿಯ ಮೊಣಕೈ ಹಿಂದೆ ಹೂವಿನ ಮೇಲೆ ಇಡುವಂತೆ ಕೈ ಇಟ್ಟ. ಉಸಿರು ಬಂದಾಗ ಕಟ್. ಹೋದಾಗ ಕಟ್.

"ಎಷ್ಟು?"

"ಮೂರು ಪಕ್ಕೆಲುಬು."

"ಅದರ ಒಳಗ ಏನೈತಿ?"

"ಗುಂಡಿಗಿ."

"ಮುರದ ತುದಿಗೂ ಗುಂಡಿಗಿಗೂ ನಡುವ ಎಷ್ಟು ಜಾಗ?"

"ಒಂದು ಬೆರಳು ಇರಬಹುದು."

"ಅಷ್ಟೂ ಇಲ್ಲ."

ಹೊರಗೆ ದೇಸಾಯಿ ಬಾರಕೋಲನ್ನು ಗಾಳಿಯಲ್ಲಿ ಒಮ್ಮೆ ಬೀಸಿ ನೋಡಿದ. ಸುಯ್ ಅಂದಿತು. ಇಮಾಮಣ್ಣ ಕಂಬಕ್ಕೆ ಹಣೆ ಒತ್ತಿ, "ಹುಜೂರ್, ಹೊಡೀರಿ, ಆದ್ರ ಆಮ್ಯಾಲೆ ಚಂದ್ರಿಗೆ ಹುಲ್ಲು ಹಾಕಾಕ ಕೈ ಉಳಸ್ರಿ" ಅಂದ.

ಈರಬಸನ ಕೈ ಮರಿಯ ಮೇಲೇ ಇತ್ತು. ಕಟ್. ಕಟ್.

"ನಾ ರೀ!" ಅಂದ.

ದನಿ ಲಾಯದ ಬಾಗಿಲು ದಾಟಲಿಲ್ಲ. ಯಾರಿಗೂ ಕೇಳಲಿಲ್ಲ. ಹಾಲವ್ವನಿಗೆ ಕೇಳಿತು, ಅವಳು ಮರಿಯ ಮೂತಿ ಒರೆಸುತ್ತ ಕೂತಳು.

ಈರಬಸ ಎದ್ದು ಹೊರಗೆ ಬಂದ. ಬಾರಕೋಲಿಗೂ ಬೆನ್ನಿಗೂ ನಡುವೆ ನಿಂತ.

"ನಾ ರೀ ದೇಸಾಯರ! ಮೂರನೇ ಸಲ ಎತ್ತಿದಾಗ ನನ್ನ ಕೈಯಾಗ ಕಟ್ ಅಂತು. ಗೊತ್ತಿದ್ದೂ ರುಮಾಲು ಸುತ್ತಿಸಿಕೊಂಡು ಹೋದೆ. ಇಮಾಮಣ್ಣ ಏನೂ ಮಾಡಿಲ್ಲ."

ಜನ ಹೌಹಾರಿದರು. ಯಲ್ಲವ್ವ ಬೀಡಿಯ ಕಥೆ ಅಲ್ಲೇ ಬಿಟ್ಟು ಹೊಸ ಕಥೆ ಕಟ್ಟತೊಡಗಿದಳು.

ದೇಸಾಯಿಯ ಮುಖ ಮೆಣಸಿನಕಾಯಿ. ಈರಬಸನ ತಲೆಯಿಂದ ರುಮಾಲು ಕಿತ್ತು ಲಾಯದೊಳಗಿನ ಹುಲ್ಲಿನ ಮೇಲೆ ಒಗೆದ.

"ಕೇಳ್ರೆಪಾ ಎಲ್ಲಾರೂ! ಈ ಮರಿ ಸತ್ತರ, ಇವನ ಕೈ ಏಳೂರಾಗ ಒಂದು ಪ್ರಾಣಿ ಮುಟ್ಟಬಾರದು. ನಾಯಿ ಸುದ್ದಾ. ಎಲುಬಿನ ಮನಿತನ ಇವತ್ತಿಗೆ ಮುಗೀತು!"

"ಮರಿ ಬದುಕಿದ್ರ?" ಅಂದಳು ಹಾಲವ್ವ ಒಳಗಿನಿಂದಲೇ.

"ಬದುಕಿದ್ರ ನೋಡೋಣ."

"ನೋಡೋಣ ಅಂದವರು ದೂರ ನಿಂತು ನೋಡಬೇಕು" ಅಂದಳು.

ಇಮಾಮಣ್ಣನನ್ನು ಬಿಚ್ಚಿದರು. "ನನ್ನ ಅಂಗಿ ಯಾರ ಹತ್ರ ಐತ್ರಪಾ?" ಅಂತ ಅವನು ಒಬ್ಬೊಬ್ಬರನ್ನೇ ಕೇಳುತ್ತ ಹೋದ. ಅಷ್ಟು ಜನರಲ್ಲಿ ಯಾರೋ ಒಬ್ಬ ಅಂಗಿಯನ್ನೂ ಲಪಟಾಯಿಸಿದ್ದ.

ಈರಬಸ ಒಳಗೆ ಬಂದು, ಹುಲ್ಲಿನ ಮೇಲಿದ್ದ ಜರಿ ರುಮಾಲು ಎತ್ತಿ ಉದ್ದಕ್ಕೆ ಮಡಚಿದ. ಅವನ ಕೈಗೆ ಗೊತ್ತಿದ್ದದ್ದು ಅದೊಂದೇ.

"ಎದಿ ಸುತ್ತ ನಾಕು ಸುತ್ತು ಬಿಗಿದ್ರ ಎಲುಬು ಅಲುಗಂಗಿಲ್ಲ ತಾಯಿ."

"ಕೊಡಿಲ್ಲಿ."

ಹಾಲವ್ವ ರುಮಾಲು ತೆಗೆದುಕೊಂಡಳು. ಮರಿಗೆ ಸುತ್ತಲಿಲ್ಲ. ಈರಬಸನ ಎದೆಗೇ ಸುತ್ತಿದಳು. ಒಂದು ಸುತ್ತು, ಎರಡು, ಮೂರು, ನಾಲ್ಕು. ಮೊಣಕಾಲು ಊರಿ ಎಳೆದು ಗಂಟು ಹಾಕಿದಳು. ಎಪ್ಪತ್ತರ ಮುದುಕಿಗೆ ಅಷ್ಟು ಬಲ ಎಲ್ಲಿಂದ ಬಂತೋ, ಕುದುರೆ ಹತ್ತಿ ಓಡಿಬಂದ ಕೈಯಲ್ಲವೇ.

"ಬಾವಿಗೆ ಓಡು. ಒಂದು ಕೊಡ ನೀರು ತಗೊಂಡು ಓಡಿ ಬಾ."

ಅವನು ಓಡಿದ. ಬಾವಿ ಕಲ್ಲೆಸೆತದ ದೂರ. ಹೋಗುವಾಗ ಓಡಿದ, ಬರುವಾಗ ತೂರಾಡಿದ. ಕಣ್ಣು ಕಪ್ಪಾಗಿ ಲಾಯದ ಬಾಗಿಲಲ್ಲಿ ಕೊಡ ಸಮೇತ ಕುಸಿದ.

"ಉ... ಉಸಿರು... ತಾಯಿ..."

ಹಾಲವ್ವ ಗಂಟು ಬಿಚ್ಚಿದಳು.

"ಮುರದ ಕಾಲಿಗೆ 'ಸುಮ್ಮನಿರು' ಅಂತ ಹೇಳಬಹುದು. ಎದಿಗೆ ಹೇಳಾಕ ಬರ್ತೈತೇನು?"

ಈರಬಸ ಎದೆ ನೀವಿಕೊಂಡ.

"ಮತ್ತ ಹೆಂಗ ಕೂಡ್ತಾವ ತಾಯಿ?"

"ಉಸಿರಾಡ್ತಾ ಆಡ್ತಾ ತಾವೇ ಕೂಡ್ತಾವ."

"ನಾ ಏನ ಮಾಡ್ಲಿ?"

"ಮುರದ ಪಕ್ಕ ಕೆಳಗ ಬರೋಹಂಗ ಮೆತ್ತಗಿನ ಹುಲ್ಲಿನ ಮ್ಯಾಲ ಮಲಗಿರಲಿ. ಗಟ್ಟಿ ಪಕ್ಕಕ್ಕ ಉಸಿರಾಡಾಕ ಬಯಲು ಬೇಕು. ಎತ್ತಬ್ಯಾಡ. ಎದಿ ಹಿಡೀಬ್ಯಾಡ. ಕಟ್ಟಬ್ಯಾಡ."

"ಇವೆಲ್ಲಾ ಬ್ಯಾಡ. ಮಾಡೋದೇನು?"

"ಕೂಡು."

"ಕೂತು?"

"ಬ್ಯಾರೆ ಯಾರೂ ಏನೂ ಮಾಡದಂಗ ನೋಡ್ಕೊ."

ಇಷ್ಟು ಹೇಳಿ ಕೋಲು ಊರಿಕೊಂಡು ಮಠಕ್ಕೆ ಹೋದಳು.

ಈರಬಸ ಕೂತ.

ಇಮಾಮಣ್ಣ ಚಂದ್ರಿಯ ಗಿಣ್ಣದ ಹಾಲು ಕರೆದು ಕೊಟ್ಟ. ಚಂದ್ರಿ ಬೇರೆಯವರಿಗೆ ಕೆಚ್ಚಲು ಮುಟ್ಟಗೊಡುತ್ತಿರಲಿಲ್ಲ. ಮರಿ ಎದೆಯೂರಿ ತಲೆ ಎತ್ತಿದಾಗಷ್ಟೇ ಈರಬಸ ಅದರ ತುಟಿಗೆ ಹಾಲು ಹಿಡಿದ. ಗುಟುಕು ಗುಟುಕಾಗಿ. ಮಿಕ್ಕ ಹೊತ್ತೆಲ್ಲ ಕೈ ಮಡಚಿ ಕೂತ.

ಕೂತವನನ್ನು ಊರು ಸುಮ್ಮನೆ ಬಿಡುತ್ತದೆಯೇ?

ಒಬ್ಬ ಬರೆ ಹಾಕಲು ಕಬ್ಬಿಣ ಕಾಯಿಸಿಕೊಂಡು ಬಂದ. ಈರಬಸ ಬಾಗಿಲಲ್ಲೇ ತಿರುಗಿಸಿ ಕಳಿಸಿದ. ಇನ್ನೊಬ್ಬ ಬಿಸಿ ಎಣ್ಣೆ ತಂದು, "ತಿಕ್ಕಿದ್ರ ಸರಿ ಹೋಗ್ತೈತೋ" ಅಂದ. "ಮೊದಲು ನಿನ್ನ ಹೆಂಡತಿ ಸೊಂಟಕ್ಕ ತಿಕ್ಕು, ಹೋಗು" ಅಂದ ಈರಬಸ. ದೇಸಾಯಿಯ ಬೀಗರ ಮನೆಯಿಂದ ಬಂದ ಹೆಂಗಸು ಮರಿಗೆ ಆರತಿ ಮಾಡಿ, ಇನ್ನೊಮ್ಮೆ ಎತ್ತಿ ತೋರಿಸು ಅಂದಳು. ವಿಷ ಬೆರೆಸಿದ ಬೆಲ್ಲದಂಥ ನಗು ಅವಳದು.

"ತೋರಿಸೋದು ಮುಗದೈತಿ ಅಕ್ಕಾ" ಅಂದ ಈರಬಸ.

ಯಲ್ಲವ್ವ ಲಾಯದ ಕಿಂಡಿಯಿಂದ ಇಣುಕಿ ಊರಿಗೆಲ್ಲ ಕೇಳುವಂತೆ ಅಂದಳು: "ಕೂತು ಕೂತು ವೈದ್ಯ ಮಾಡೋದಾದ್ರ, ನನ್ನ ಗಂಡ ಈ ಸೀಮ್ಯಾಗ ದೊಡ್ಡ ವೈದ್ಯ!"

ಎಲ್ಲರೂ ನಕ್ಕರು. ಈರಬಸನಿಗೂ ನಗು ಬಂತು. ಆದರೆ ಕೈ ತುರಿಸುತ್ತಿತ್ತು. ಮರಿ ನರಳಿದಾಗೊಮ್ಮೆ ಬೆರಳು ತಾವಾಗಿ ಬಟ್ಟೆ ಹುಡುಕುತ್ತಿದ್ದವು. ಎರಡು ದಿನದಲ್ಲಿ ಅವನು ಸೊರಗಿ ಇಳಿದುಹೋದ. ಕಟ್ಟುವಾಗ ಎಂದೂ ಅಷ್ಟು ಬೆವರಿದವನಲ್ಲ.

ಮೂರನೆಯ ದಿನ ಬೆಳಿಗ್ಗೆ ಮರಿ ಮುಂಗಾಲು ಚಾಚಿತು.

ದೇಸಾಯಿ ಆಗಷ್ಟೇ ಬಾಗಿಲಿಗೆ ಬಂದಿದ್ದ. ಅವನ ಹಿಂದೆ ಅರ್ಧ ಊರು.

ಮರಿ ಹಿಂಗಾಲು ಒಟ್ಟಿತು, ಮೇಲೆದ್ದಿತು, ನಡುಗಿತು, ಹುಲ್ಲಿನ ಮೇಲೆ ಬಿದ್ದಿತು. ನರಳಿತು.

"ಎತ್ತೋ!" ಅಂದ ದೇಸಾಯಿ.

ಈರಬಸ ಎರಡೂ ಕೈಯನ್ನು ಕಂಕುಳಲ್ಲಿ ಅವಚಿಕೊಂಡ. ಅಲುಗಲಿಲ್ಲ.

ಮರಿ ಮತ್ತೆ ಎದ್ದಿತು. ಮತ್ತೆ ಬಿದ್ದಿತು.

"ಲೇ ಎತ್ತೋ! ಸಾಯ್ತೈತದು! ಕೈಯಾಗ ಜೀವ ಇಲ್ಲೇನು ನಿನಗ?"

"ಐತ್ರಿ. ಅದಕ್ಕ ಅವಚಿ ಹಿಡದೀನಿ."

"ಸರಿ ಅತ್ಲಾಗ, ನಾನೇ ಎತ್ತತೀನಿ!"

ದೇಸಾಯಿ ಹೊಸ್ತಿಲ ಮೇಲೆ ಕಾಲಿಟ್ಟ. ಈರಬಸ ಹೋಗಿ ಹೊಸ್ತಿಲಿಗೆ ಅಡ್ಡ ಮಲಗಿದ.

"ತುಳದು ದಾಟ್ರಿ ದೇಸಾಯರ. ನನ್ನ ಎಲುಬು ಮುರದ್ರ ನಾ ಕಟ್ಟಿಕೊಂತೀನಿ. ಅದರ ಎಲುಬು ಯಾರಿಗೂ ಕಟ್ಟಾಕ ಬರಂಗಿಲ್ಲ."

ದೇಸಾಯಿಯ ಕಾಲು ಎತ್ತಿದ್ದು ಗಾಳಿಯಲ್ಲೇ ನಿಂತಿತು. ಅವನ ಜನ್ಮದಲ್ಲಿ ಯಾರೂ ಅವನ ಕಾಲಿಗೆ ಹಾಗೆ ಅಡ್ಡ ಬಿದ್ದವರಿಲ್ಲ. ಕಾಲಿಗೆ ಬೀಳುವವರನ್ನು ಕಂಡಿದ್ದ, ಇದು ಬೇರೆ.

ಮರಿ ಮೂರನೆಯ ಸಲ ಕಾಲು ಚಾಚಿತು.

ಅರ್ಧ ಊರು ಉಸಿರು ಹಿಡಿದು ನಿಂತಿತು. ಯಲ್ಲವ್ವ ಕೂಡ ಬಾಯಿ ಮುಚ್ಚಿದಳು. ಅದನ್ನು ಕಂಡವರು ಈಗಲೂ ಆಣೆ ಮಾಡಿ ಹೇಳುತ್ತಾರೆ.

ಹಿಂಗಾಲು. ಮುಂಗಾಲು. ನಡುಕ. ಓರೆಯಾಯಿತು. ಬೀಳಲಿಲ್ಲ.

ಒಂದು ಹೆಜ್ಜೆ. ಇನ್ನೊಂದು. ಚಂದ್ರಿ ಕತ್ತು ತಿರುಗಿಸಿ ಮೆಲ್ಲಗೆ ಕೆನೆಯಿತು. ಮರಿ ಮೊದಲು ಗೋಡೆಯನ್ನು ಚೀಪಿ ನೋಡಿತು, ಆಮೇಲೆ ಇಮಾಮಣ್ಣನ ಮೊಣಕಾಲು, ಆಮೇಲೆ ಸರಿಯಾದ ಜಾಗಕ್ಕೆ ಬಾಯಿ ಇಟ್ಟಿತು. ಬಾಲ ಪಟಪಟ ಬಡಿಯತೊಡಗಿತು.

"ಕುಡದೈತಿ! ಅಲ್ಲಾನ ಆಣಿ, ಕುಡಿಯಾಕತ್ತೈತಿ!" ಅಂತ ಇಮಾಮಣ್ಣ ಕುಣಿದ.

ಜನ ಹೋ ಅಂದರು. ಈರಬಸ ಹೊಸ್ತಿಲ ಮೇಲೆ ಮಲಗಿದ್ದವನು ಮಲಗಿಯೇ ಅತ್ತ. ದೇಸಾಯಿ ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟು, ಮೀಸೆ ತೀಡಿಕೊಂಡು, "ನನ್ನ ಮರಿ, ಏಳದ ಏನ ಮಾಡ್ತೈತಿ" ಅಂದ.

ನಲವತ್ತು ದಿನ ಲಾಯದೊಳಗೇ ಇರಿಸಿದರು. ನಲವತ್ತೊಂದನೆಯ ದಿನ ಹಾಲವ್ವ ಬಂದಳು. ಬಾಗಿಲು ತೆಗೆಸಿದಳು. ಯಾರೂ ಎತ್ತಲಿಲ್ಲ, ಯಾರೂ ಎಳೆಯಲಿಲ್ಲ. ಹಲಗೆಯವರೂ ಕೈ ಕಟ್ಟಿ ನಿಂತರು.

ಮರಿ ಹೊಸ್ತಿಲನ್ನು ಮೂಸಿತು. ದಾಟಿತು. ಬಿಸಿಲು ಕಂಡು ಒಂದು ಕ್ಷಣ ಬೆರಗಾಯಿತು. ಆಮೇಲೆ ನೋಡಬೇಕಿತ್ತು! ನಾಲ್ಕೂ ಕಾಲು ಒಟ್ಟಿಗೇ ಎತ್ತಿ ಕುಪ್ಪಳಿಸಿ, ಹೊಲದ ಈ ತುದಿಯಿಂದ ಆ ತುದಿಗೆ ಗಾಳಿ ಸೀಳಿಕೊಂಡು ಹೋಯಿತು. ಬರುವಾಗ ಯಲ್ಲವ್ವನ ಒಗೆದ ಬಟ್ಟೆಯ ಗಂಟನ್ನು ಕೆಸರಿಗೆ ಕೆಡವಿತು. ಬೀಗರ ಹೆಂಗಸಿನ ಆರತಿ ತಟ್ಟೆ ಹಾರಿಸಿತು. ದೇಸಾಯಿಯ ಹತ್ತಿರ ಬಂದು ನಿಂತು, ಅವನ ಅಂಗಿ ಕಚ್ಚಿ ಎಳೆಯಿತು.

ದೇಸಾಯಿ ಹುಡುಗನಂತೆ ನಕ್ಕ. ಎಲ್ಲರ ಮುಂದೆ ಈರಬಸನ ತಲೆಗೆ ಹೊಸ ರುಮಾಲು ಸುತ್ತಿದ. ಏಳೂರಿನ ಕುದುರೆಗಳೆಲ್ಲ ಇನ್ನು ನಿನ್ನ ಕೈಯಲ್ಲಿ ಅಂದ.

ಅಂದಿನಿಂದ ಆ ಮನೆಯಲ್ಲಿ ಹುಟ್ಟಿದ ಮರಿಯನ್ನು ಎತ್ತುವುದಿಲ್ಲ. ತಾನೇ ಎದ್ದು ತಾನೇ ದಾಟುವವರೆಗೆ ಎಲ್ಲರೂ ಹೊರಗೆ ಕಾಯುತ್ತಾರೆ. ಇದು ತನ್ನ ಅಜ್ಜನ ಕಾಲದ ಪದ್ಧತಿ ಅಂತ ದೇಸಾಯಿ ಹೇಳಿಕೊಂಡು ತಿರುಗುತ್ತಾನೆ. ಹೇಳಲಿ ಬಿಡಿ.

ಸಂಜೆ ಮುಂದೆ ಇಮಾಮಣ್ಣ ಚಂದ್ರಿಯನ್ನೂ ಮರಿಯನ್ನೂ ನೀರಿಗೆ ತಂದ. ದಂಡೆಯಲ್ಲಿ ಹಾಲವ್ವನ ಹತ್ತಿರ ಕೂತಿದ್ದ ಈರಬಸ ಮರಿಯ ಎಡ ಪಕ್ಕದ ಮೇಲೆ ಕೈ ಆಡಿಸಿದ. ಮುರಿದ ಕಡೆ ಮೂರು ಸಣ್ಣ ಗಂಟು. ಸಪ್ಪಳವಿಲ್ಲ.

"ತಾಯಿ, ಒಂದು ಕೇಳ್ಲ್ಯಾ?"

"ಕೇಳು."

"ಈ ಎಲುಬು ನನ್ನ ಕೈಯಾಗೇ ಮುರೀತೋ, ಹುಟ್ಟೋ ದಾರ್ಯಾಗೇ ಮುರದಿತ್ತೋ?"

"ಚೊಚ್ಚಲ ದಾರಿ, ಇಕ್ಕಟ್ಟು. ಮರಿ ದೊಡ್ಡದು. ದಾರ್ಯಾಗೇ ಮುರದಿರಬಹುದು. ನಿನ್ನ ಕೈಗೆ ಬಂದಾಗ ಬರೇ ಸಪ್ಪಳಾಗಿರಬಹುದು."

ಈರಬಸ ತಟ್ಟನೆ ಎದ್ದು ನಿಂತ. "ಹಂಗಾದ್ರ ಮುರದಾಂವ ನಾನಲ್ಲ!"

"ನೀನೇ ಮುರದಿದ್ರೂ ಮುರದಿರಬಹುದು. ಎಲುಬು ಸಾಕ್ಷಿ ಹೇಳಂಗಿಲ್ಲ."

ಈರಬಸ ಮತ್ತೆ ಕೂತ. ತಲೆಯ ಮೇಲಿನ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಮತ್ತ ಅವತ್ತು ಊರ ಮುಂದ ನಾ ಒಪ್ಪಿಕೊಂಡದ್ದು ಖರೇನೋ ಸುಳ್ಳೋ, ತಾಯಿ?"

ಇಮಾಮಣ್ಣ ನಡುಮಟ್ಟ ನೀರಲ್ಲಿ ನಿಂತು, ಅಂಗಿ ಬಿಚ್ಚಿ ದಂಡೆಗೆ ಒಗೆದು, ಹಾಡು ಗುನುಗುತ್ತ ಚಂದ್ರಿಯ ಮೈ ತಿಕ್ಕುತ್ತಿದ್ದ. ಬೆನ್ನ ಮೇಲೆ ಒಂದು ಬಾಸುಂಡೆಯೂ ಇರಲಿಲ್ಲ.

ಹಾಲವ್ವ ಅವನ ಕಡೆ ಗದ್ದ ತಿರುಗಿಸಿದಳು.

"ಇಮಾಮನ ಬೆನ್ನ ಕೇಳು."